ಮಳೆಗಾಲಕ್ಕೇ ಯಾಕೆ ಮುಂಬೈಗೆ ಬರುತ್ತದೆ ಯಕ್ಷಗಾನ? ಕಳವಾ, ಥಾಣೆ, ಡೊಂಬಿವಲಿ ಕನ್ನಡಿಗರ ಸಾಂಸ್ಕೃತಿಕ ಕ್ಯಾಲೆಂಡರ್ ಹಿಂದಿನ ಲೆಕ್ಕಾಚಾರ

ಥಾಣೆ: ಜುಲೈ, ಆಗಸ್ಟ್ ಬಂತೆಂದರೆ ಮುಂಬೈ ಮಹಾನಗರ ಪ್ರದೇಶದ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಒಟ್ಟಿಗೇ ಓಡಾಡುತ್ತವೆ. ಒಂದು, ಭಾನುವಾರದ ಯಕ್ಷಗಾನ ಇಲ್ಲವೇ ತಾಳಮದ್ದಳೆಯ ಆಮಂತ್ರಣ. ಇನ್ನೊಂದು, ಅದೇ ಭಾನುವಾರದ ರೈಲ್ವೆ ಮೆಗಾ ಬ್ಲಾಕ್ ಮಾಹಿತಿ. ಜೊತೆಗೆ ಮಳೆ ಜೋರಾಗಿ ಹಳಿ ಮೇಲೆ ನೀರು ನಿಂತರೆ, ಕಾರ್ಯಕ್ರಮಕ್ಕೆ ಹೋದವರು ಮನೆಗೆ ಮರಳುವುದು ಎಷ್ಟು ಹೊತ್ತಿಗೆ ಎಂಬುದಕ್ಕೆ ಖಾತ್ರಿಯಿಲ್ಲ.

ಓಡಾಟಕ್ಕೆ ವರ್ಷದಲ್ಲೇ ಅತಿ ಕಷ್ಟದ ತಿಂಗಳುಗಳಿವು. ಡಿಸೆಂಬರ್, ಜನವರಿಯ ಹಿತವಾದ ಹವೆ ಬಿಟ್ಟು, ಚೆಂಡೆ-ಮದ್ದಳೆಯ ಚರ್ಮ ತೇವಕ್ಕೆ ಸಡಿಲಾಗುವ ಕಾಲದಲ್ಲೇ ಯಕ್ಷಗಾನದ ಸಾಲು ಸಾಲು ಪ್ರದರ್ಶನಗಳು ಯಾಕೆ? ಇದಕ್ಕೆ ಉತ್ತರ ಮುಂಬೈನಲ್ಲಿಲ್ಲ, ಊರಿನಲ್ಲಿದೆ. ಕಳವಾ, ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈನಲ್ಲಿ ನೆಲೆಸಿರುವ ಕನ್ನಡಿಗರ ಹಬ್ಬ, ಆಟ, ಕೂಟಗಳ ದಿನಾಂಕ ನಿಗದಿಯಾಗುವುದು ಮೂರು ಲೆಕ್ಕಗಳ ಮೇಲೆ: ಊರಿನ ಮಳೆಯ ಲೆಕ್ಕ, ಇಲ್ಲಿನ ರಜೆಯ ಲೆಕ್ಕ ಮತ್ತು ರೈಲಿನ ಲೆಕ್ಕ.

ಗೆಜ್ಜೆ ಬಿಚ್ಚಿದ ಮೇಲೆ ಶುರುವಾಗುವ ಇನ್ನೊಂದು ತಿರುಗಾಟ

ಕರಾವಳಿಯ ಯಕ್ಷಗಾನ ಮೇಳಗಳು ವರ್ಷವಿಡೀ ಆಟ ಆಡುವುದಿಲ್ಲ. ದೀಪಾವಳಿ ಕಳೆದ ಮೇಲೆ, ನವೆಂಬರ್-ಡಿಸೆಂಬರ್‌ನಲ್ಲಿ ಮೇಳ ಹೊರಡುತ್ತದೆ. ಅಲ್ಲಿಂದ ಆರು ತಿಂಗಳು ದಿನಕ್ಕೊಂದು ಊರು, ದಿನಕ್ಕೊಂದು ಪ್ರಸಂಗ. ತುಳು ತಿಂಗಳು ಬೇಶದ ಹತ್ತನೇ ದಿನ, ಅಂದರೆ ಮೇ 24 ಅಥವಾ 25ರ ಹೊತ್ತಿಗೆ 'ಪತ್ತನಾಜೆ' ಬರುತ್ತದೆ. ಅಂದು ಕಲಾವಿದರು ದೇವರ ಮುಂದೆ ಸೇವೆಯಾಟ ಆಡಿ ಗೆಜ್ಜೆ ಬಿಚ್ಚುತ್ತಾರೆ. ಜಾತ್ರೆ, ನೇಮ, ಕೋಲಗಳಿಗೂ ಅಲ್ಲಿಗೆ ತೆರೆ. ಮುಂದಿನ ತಿಂಗಳುಗಳು ಮಳೆಗೆ ಮತ್ತು ಗದ್ದೆ ಕೆಲಸಕ್ಕೆ ಮೀಸಲು.

ಆಟ ನಿಂತರೂ ಕಲಾವಿದನ ಮನೆಯ ಖರ್ಚು ನಿಲ್ಲುವುದಿಲ್ಲವಲ್ಲ. ಮಳೆಗಾಲದ ಈ ಖಾಲಿ ತಿಂಗಳುಗಳನ್ನು ತುಂಬಲು ಕರಾವಳಿಯಲ್ಲಿ ಹಲವು ದಾರಿಗಳು ಹುಟ್ಟಿಕೊಂಡಿವೆ. ಕೆಲವರು 'ಚಿಕ್ಕಮೇಳ' ಕಟ್ಟಿಕೊಂಡು ಸಂಜೆ ಹೊತ್ತು ಮನೆ ಮನೆಗೆ ಹೋಗಿ ಸಣ್ಣ ತುಣುಕುಗಳನ್ನು ಆಡುತ್ತಾರೆ. ವೇಷವಿಲ್ಲದೆ, ಕುಳಿತು ಮಾತಿನಲ್ಲೇ ಕಥೆ ಬೆಳೆಸುವ ತಾಳಮದ್ದಳೆಗೆ ಮಳೆಗಾಲವೇ ಸುಗ್ಗಿ. ಇನ್ನು ಹೆಸರು ಮಾಡಿದ ಭಾಗವತರು, ವೇಷಧಾರಿಗಳಿಗೆ ಬೆಂಗಳೂರು ಮತ್ತು ಮುಂಬೈನಿಂದ ಕರೆ ಬರುತ್ತದೆ.

ಮುಂಬೈಗೆ ಬರುವ ತಂಡಕ್ಕೊಂದು ವೈಶಿಷ್ಟ್ಯವಿದೆ. ಊರಿನಲ್ಲಿ ಒಂದೇ ಮೇಳದ ಕಲಾವಿದರು ಸೀಸನ್ ಪೂರ್ತಿ ಒಟ್ಟಿಗೆ ಇರುತ್ತಾರೆ. ಇಲ್ಲಿಗೆ ಬರುವುದು ಬೇರೆ ಬೇರೆ ಮೇಳಗಳಿಂದ ಆರಿಸಿ ಕಟ್ಟಿದ ತಂಡ. ಊರಿನಲ್ಲಿ ಎದುರುಬದುರು ಆಗದ ಇಬ್ಬರು ವೇಷಧಾರಿಗಳು ಥಾಣೆಯಲ್ಲೋ ಡೊಂಬಿವಲಿಯಲ್ಲೋ ಕರ್ಣ-ಅರ್ಜುನರಾಗಿ ಎದುರಾಗುವುದು ಹಾಗಾಗಿಯೇ. ಪ್ರೇಕ್ಷಕರಿಗೆ ಇದು ಹಬ್ಬ. ಜೊತೆಯಾಗಿ ಪಳಗಿದ ಮೇಳದ ಹೊಂದಾಣಿಕೆ ಇಂಥ ತಂಡದಲ್ಲಿ ಸಿಗುವುದು ಕಷ್ಟ ಎಂಬ ಆಕ್ಷೇಪವೂ ಇದೆ. ಎರಡೂ ನಿಜ.

ಒಂದೇ ಪ್ರವಾಸದಲ್ಲಿ ತಂಡ ಹತ್ತಾರು ಕಡೆ ಆಡುತ್ತದೆ. ಊರಿನಿಂದ ಹದಿನೈದಿಪ್ಪತ್ತು ಜನರನ್ನು, ಪೆಟ್ಟಿಗೆಗಟ್ಟಲೆ ವೇಷಭೂಷಣವನ್ನು ಒಂದೇ ಆಟಕ್ಕೆ ಕರೆತರುವುದು ಯಾವ ಸಂಘಕ್ಕೂ ಕಟ್ಟುವ ಮಾತಲ್ಲ. ಒಂದು ಸಂಘ ತಂಡವನ್ನು ಕರೆಸಿಕೊಂಡರೆ, ಅಂಧೇರಿಯಿಂದ ಡೊಂಬಿವಲಿವರೆಗಿನ ಹಲವು ಸಂಘಗಳು, ದೇವಸ್ಥಾನಗಳು ಒಂದೊಂದು ದಿನ ಹಂಚಿಕೊಳ್ಳುತ್ತವೆ. ಹಾಗಾಗಿ ಕಳವಾದವರಿಗೆ ಒಂದು ಪ್ರಸಂಗ ಕೈತಪ್ಪಿದರೆ, ಅದೇ ತಂಡ ಮೂರು ದಿನ ಬಿಟ್ಟು ನೆರುಲ್‌ನಲ್ಲಿ ಸಿಕ್ಕೀತು.

ಖಾಡಿ ದಾಟಿ ಬಂದ ಕನ್ನಡ

ಕಳವಾ ಹೆಸರು ಕೇಳಿರದವರಿಗೆ ಒಂದು ಮಾತು. ಸೆಂಟ್ರಲ್ ರೈಲ್ವೆಯಲ್ಲಿ ಥಾಣೆ ಕಳೆದ ಕೂಡಲೇ ಸಿಗುವ ನಿಲ್ದಾಣವಿದು. ನಡುವೆ ಥಾಣೆ ಖಾಡಿ, ಆಚೆ ಪಾರ್ಸಿಕ್ ಗುಡ್ಡ. ಆಡಳಿತದಲ್ಲಿ ಥಾಣೆ ಮಹಾನಗರ ಪಾಲಿಕೆಯದೇ ಭಾಗ. ಭಾರತದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟು ಥಾಣೆಗೆ ಬಂದು ನಿಂತಿತ್ತು. ಮರುವರ್ಷ ಖಾಡಿಗೆ ಸೇತುವೆ ಕಟ್ಟಿ ಕಲ್ಯಾಣ್‌ಗೆ ಹಳಿ ಒಯ್ದಾಗ ರೈಲು ಕಳವಾ ನೆಲ ಮುಟ್ಟಿತು.

ಮುಂಬೈ ಕನ್ನಡದ ಹಳೆಯ ವಿಳಾಸಗಳೆಲ್ಲ ಇರುವುದು ಖಾಡಿಯ ಈಚೆಗೆ, ನಗರದೊಳಗೆ. ಮೊಗವೀರ ವ್ಯವಸ್ಥಾಪಕ ಮಂಡಳಿ (1902), ಮಾಟುಂಗಾದ ಮೈಸೂರು ಅಸೋಸಿಯೇಶನ್ (1926), ಬಂಟರ ಸಂಘ (1927), ಬಿಲ್ಲವರ ಅಸೋಸಿಯೇಶನ್ (1932), ಮಾಹಿಮ್‌ನ ಕರ್ನಾಟಕ ಸಂಘ (1933) ಶುರುವಾದಾಗ ಸದಸ್ಯರು ಹೆಚ್ಚಾಗಿ ಫೋರ್ಟ್, ಮಾಟುಂಗಾ, ದಾದರ್ ಆಸುಪಾಸಿನಲ್ಲೇ ಇದ್ದರು. ಹೋಟೆಲ್‌ನಲ್ಲಿ ದುಡಿಯುತ್ತಿದ್ದ ಹುಡುಗರು ಅಲ್ಲೇ ಮಲಗಿ, ಅಲ್ಲೇ ಹತ್ತಿರದ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದ ಕಾಲ ಅದು. 1951ರಲ್ಲಿ ಎಂ. ಗೋವಿಂದ ಪೈ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಮುಂಬೈನಲ್ಲಿ ನಡೆದಾಗಲೂ ಮುಂಬೈ ಕನ್ನಡಿಗರೆಂದರೆ ಬಹುತೇಕ ಇವರೇ.

ಆಮೇಲೆ ಚಿತ್ರ ಬದಲಾಯಿತು. ಥಾಣೆ-ಬೇಲಾಪುರ ರಸ್ತೆಯುದ್ದಕ್ಕೂ ಕಾರ್ಖಾನೆಗಳು ಎದ್ದವು. ಕಳವಾದಲ್ಲೇ ಮುಕುಂದ್ ಉಕ್ಕಿನ ಕಾರ್ಖಾನೆ, ಸೀಮೆನ್ಸ್ ಘಟಕ ಬಂದವು. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ನವಿ ಮುಂಬೈ ಎಂಬ ಹೊಸ ನಗರವೇ ಎದ್ದಿತು. 1982ರ ಬಟ್ಟೆ ಗಿರಣಿ ಮುಷ್ಕರದ ನಂತರ ಮಧ್ಯ ಮುಂಬೈನ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ನಗರದೊಳಗೆ ಮನೆ ಕೊಳ್ಳುವುದು ಕೈಗೆಟುಕದ ಮಾತಾಯಿತು. ಕನ್ನಡ ಕುಟುಂಬಗಳೂ ಉಳಿದ ಎಲ್ಲರಂತೆ ಹಳಿಯ ಜಾಡು ಹಿಡಿದು ಉತ್ತರಕ್ಕೆ, ಪೂರ್ವಕ್ಕೆ ಸರಿದವು. ಥಾಣೆ, ಕಳವಾ, ಡೊಂಬಿವಲಿ, ಕಲ್ಯಾಣ್, ಐರೋಲಿ, ವಾಶಿ, ನೆರುಲ್.

ಇಲ್ಲಿರುವವರೆಲ್ಲ ಒಂದೇ ಕಡೆಯವರಲ್ಲ ಎಂಬುದನ್ನೂ ಹೇಳಬೇಕು. ಥಾಣೆ ಮತ್ತು ಪನ್ವೇಲ್ ಕರಾವಳಿಯವರ ಬಾಗಿಲು. ಮಂಗಳೂರಿನ ಮತ್ಸ್ಯಗಂಧ ಎಕ್ಸ್‌ಪ್ರೆಸ್ ನಿಲ್ಲುವುದು ಇಲ್ಲಿ. ಕಲ್ಯಾಣ್ ಉತ್ತರ ಕರ್ನಾಟಕದವರ ಬಾಗಿಲು. ಕಲಬುರಗಿ, ಸೊಲ್ಲಾಪುರ ಕಡೆಯಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್‌ನಂಥ ಗಾಡಿಗಳು ಘಾಟ್ ಇಳಿದು ಇಲ್ಲಿಗೆ ಮುಟ್ಟುತ್ತವೆ. ಒಬ್ಬರದ್ದು ಹೆಚ್ಚಾಗಿ ಹೋಟೆಲ್, ಬ್ಯಾಂಕು, ಕಚೇರಿ ಕೆಲಸವಾದರೆ, ಇನ್ನೊಬ್ಬರಲ್ಲಿ ಕಟ್ಟಡ ಕೆಲಸ, ದಿನಗೂಲಿಗೆ ಬಂದವರು ಬಹಳ. ಸಭಾಂಗಣ, ಆಮಂತ್ರಣ ಪತ್ರಿಕೆ, ಪತ್ರಿಕಾ ವರದಿ ಇರುವ ಕಾರ್ಯಕ್ರಮಗಳಲ್ಲಿ ಕಾಣಿಸುವುದು ಮೊದಲನೆಯವರು. ಎರಡನೆಯವರ ಭಜನೆ, ಜಾತ್ರೆ, ಡೊಳ್ಳು ಎಲ್ಲವೂ ಇದ್ದರೂ ಸುದ್ದಿಯಾಗುವುದು ಅಪರೂಪ. ಈ ಬರಹದಲ್ಲೂ ಕರಾವಳಿಯ ಮಾತೇ ಹೆಚ್ಚಿರುವುದಕ್ಕೆ ಕಾರಣ ಅವರ ಕ್ಯಾಲೆಂಡರ್ ಅಷ್ಟು ಎದ್ದು ಕಾಣುತ್ತದೆ ಎಂಬುದಷ್ಟೇ.

ಸಂಖ್ಯೆ ಎಷ್ಟು ಎಂಬ ಪ್ರಶ್ನೆಗೆ ನೇರ ಉತ್ತರ ಕಷ್ಟ. 2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆ ಎಂದವರು ಸುಮಾರು 10 ಲಕ್ಷ. ಆದರೆ ಅದರಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಗಡಿನಾಡಿನವರೂ ಸೇರಿದ್ದಾರೆ. ಅವರು ವಲಸೆ ಬಂದವರಲ್ಲ, ತಲೆತಲಾಂತರದಿಂದ ಅಲ್ಲಿಯವರೇ. ಅತ್ತ ತುಳು ಮಾತೃಭಾಷೆ ಎಂದು ಬರೆಸಿದವರು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಅವರದ್ದು ಬೇರೆ ಪಟ್ಟಿ. ಅಂದರೆ ಥಾಣೆಯ ಕನ್ನಡ ಕಾರ್ಯಕ್ರಮವೊಂದರಲ್ಲಿ ಕುಳಿತ ಹಲವರು ಜನಗಣತಿಯ ಪ್ರಕಾರ ಕನ್ನಡಿಗರೇ ಅಲ್ಲ!

ಇರುಳಿಡೀ ನಡೆಯುತ್ತಿದ್ದ ಆಟ ನಾಲ್ಕು ಗಂಟೆಗೆ ಇಳಿದದ್ದು ಹೇಗೆ?

ಊರಿನ ಬಯಲಾಟ ಕತ್ತಲಾದ ಮೇಲೆ ಶುರುವಾಗಿ ಬೆಳಕು ಹರಿಯುವವರೆಗೆ ನಡೆಯುವಂಥದ್ದು. ಮುಂಬೈನಲ್ಲಿ ಅದು ಮೂರರಿಂದ ನಾಲ್ಕು ಗಂಟೆಯ 'ಕಾಲಮಿತಿ' ಯಕ್ಷಗಾನವಾಗಿದೆ. ಜನರಿಗೆ ತಾಳ್ಮೆ ಇಲ್ಲ ಎಂಬುದು ಇದಕ್ಕೆ ಸುಲಭವಾಗಿ ಕೊಡುವ ಕಾರಣ. ಆದರೆ ನಿಜವಾದ ಕಾರಣಗಳು ಹೆಚ್ಚು ಲೌಕಿಕ.

ಮೊದಲನೆಯದು ಲೋಕಲ್ ರೈಲು. ಮಧ್ಯರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ಕೊನೆಯ ಗಾಡಿ ಹೋದರೆ, ನಸುಕಿನ ನಾಲ್ಕರ ಸುಮಾರಿನವರೆಗೆ ಹಳಿ ಖಾಲಿ. ಎರಡನೆಯದು ಕಾನೂನು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಮಹಾರಾಷ್ಟ್ರದಲ್ಲಿ ಆ ದಿನಗಳು ಗಣೇಶೋತ್ಸವ, ನವರಾತ್ರಿಯಂಥ ದೊಡ್ಡ ಹಬ್ಬಗಳಿಗೆ ಹೋಗುವುದು ಸಹಜ. ಮೂರನೆಯದು ಸಭಾಂಗಣ. ಥಾಣೆಯ ಗಡ್ಕರಿ ರಂಗಾಯತನ, ಕಾಶಿನಾಥ್ ಘಾಣೇಕರ್ ನಾಟ್ಯಗೃಹ, ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ಕಲಾಮಂದಿರ, ಕಲ್ಯಾಣ್‌ನ ಆಚಾರ್ಯ ಅತ್ರೆ ರಂಗಮಂದಿರ ಇವೆಲ್ಲ ಮರಾಠಿ ನಾಟಕಗಳ ಮನೆಗಳು. ಬಾಡಿಗೆಗೆ ಸಿಗುವುದು ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಪಾಳಿಯ ಲೆಕ್ಕದಲ್ಲಿ. ಭಾನುವಾರದ ಪಾಳಿಗೆ ಮರಾಠಿ ನಾಟಕದವರದ್ದೂ ಪೈಪೋಟಿ ಇರುತ್ತದೆ. ಹೀಗಾಗಿ ಸಮುದಾಯ ಭವನಗಳು, ದೇವಸ್ಥಾನದ ಸಭಾಗೃಹಗಳು, ಶಾಲೆಯ ಹಾಲ್‌ಗಳೇ ಸಂಘಗಳಿಗೆ ಆಸರೆ.

ಕಾಲಮಿತಿ ಈಗ ಹೊರನಾಡಿನ ಸಮಸ್ಯೆ ಮಾತ್ರವಲ್ಲ. 2022ರ ತಿರುಗಾಟದಲ್ಲಿ ಕಟೀಲು ಮೇಳಗಳೇ ಧ್ವನಿವರ್ಧಕ ನಿಯಮದಿಂದಾಗಿ ಕಾಲಮಿತಿಗೆ ಬಂದಾಗ ಕರಾವಳಿಯಲ್ಲಿ ದೊಡ್ಡ ಚರ್ಚೆ ಎದ್ದಿತ್ತು. ಮುಂಬೈ ಪ್ರೇಕ್ಷಕರಿಗೆ ಅದು ಹಳೆಯ ಅಭ್ಯಾಸ.

ಇದರಲ್ಲಿ ಇನ್ನೊಂದು ಕಿರಿಕಿರಿಯೂ ಇದೆ. ನಾಲ್ಕು ಗಂಟೆಯಲ್ಲಿ ಪೂರ್ತಿ ನಾಲ್ಕು ಗಂಟೆಯೂ ಆಟಕ್ಕೆ ಸಿಗುವುದಿಲ್ಲ. ನಡುವೆ ಸಭಾ ಕಾರ್ಯಕ್ರಮ, ಅತಿಥಿಗಳ ಭಾಷಣ, ಸಾಲು ಸಾಲು ಶಾಲು-ಹಾರ. ಹೊರನಾಡಿನ ಕನ್ನಡ ಕಾರ್ಯಕ್ರಮಗಳ ಬಗ್ಗೆ ಕೇಳಿಬರುವ ಅತಿ ಹಳೆಯ ದೂರು ಇದು. ಆದರೆ ಅದಕ್ಕೂ ಕಾರಣವಿದೆ. ಹೆಚ್ಚಿನ ಪ್ರದರ್ಶನಗಳಿಗೆ ಪ್ರವೇಶ ಉಚಿತ. ತಂಡದ ಸಂಭಾವನೆ, ಹಾಲ್ ಬಾಡಿಗೆ, ಊಟ ಎಲ್ಲವನ್ನೂ ಹೊರುವುದು ಹೋಟೆಲ್ ಉದ್ಯಮಿಗಳು ಮತ್ತು ಇತರ ದಾನಿಗಳು. ಟಿಕೆಟ್ ಇಲ್ಲದ ಕಡೆ ಶಾಲೇ ರಸೀದಿ. ಪ್ರೇಕ್ಷಕ ಹಣ ಕೊಡದಿದ್ದಾಗ ವೇದಿಕೆಯ ಸಮಯ ಹಣ ಕೊಟ್ಟವರ ಕಡೆಗೆ ವಾಲುತ್ತದೆ. ಭಾಗವತರು ಪದ್ಯ ಕತ್ತರಿಸಿ ಕತೆ ಓಡಿಸಬೇಕಾಗುತ್ತದೆ.

ಅಂದಹಾಗೆ, ವಾಶಿಯ ನಾಟ್ಯಗೃಹಕ್ಕೆ ವಿಷ್ಣುದಾಸ ಭಾವೆ ಹೆಸರಿದೆ. 1843ರಲ್ಲಿ ಸಾಂಗ್ಲಿಯಲ್ಲಿ 'ಸೀತಾ ಸ್ವಯಂವರ' ಆಡಿಸಿ ಮರಾಠಿ ರಂಗಭೂಮಿಗೆ ಅಡಿಪಾಯ ಹಾಕಿದವರು ಅವರು. ಅದಕ್ಕೆ ಹಿಂದಿನ ವರ್ಷ ಕರ್ನಾಟಕದ ಕಡೆಯ ಭಾಗವತ ಮೇಳವೊಂದು ಸಾಂಗ್ಲಿ ಸಂಸ್ಥಾನದಲ್ಲಿ ಆಟ ಆಡಿತ್ತು. ಅದನ್ನು ಮೆಚ್ಚಿದ ಸಂಸ್ಥಾನಿಕರು, ಅಂಥದ್ದೇ ಒಂದನ್ನು ಮರಾಠಿಯಲ್ಲಿ ಕಟ್ಟುವಂತೆ ಭಾವೆಯವರಿಗೆ ಹೇಳಿದರು ಎಂಬುದು ಮರಾಠಿ ರಂಗ ಇತಿಹಾಸದಲ್ಲೇ ದಾಖಲಾದ ಸಂಗತಿ. ಹೊರಗಿನ ಕಲೆ ಎಂದು ಕಾಣುವ ಯಕ್ಷಗಾನಕ್ಕೆ ಆ ರಂಗಮಂದಿರದ ಹೆಸರಿನ ಜೊತೆ ಹೀಗೊಂದು ಹಳೆಯ ನಂಟಿದೆ.

ಆಟಿ: ಕಷ್ಟದ ತಿಂಗಳು ಹಬ್ಬವಾದ ಕತೆ

ಮಳೆಗಾಲದ ಇನ್ನೊಂದು ದೊಡ್ಡ ಕಾರ್ಯಕ್ರಮ 'ಆಟಿಡೊಂಜಿ ದಿನ'. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳು ಆಟಿ. ಹಿಂದೆ ಇದು ಯಾರಿಗೂ ಬೇಡದ ತಿಂಗಳು. ಬಿಡದ ಮಳೆ, ಬರಿದಾದ ಅಕ್ಕಿ ಮುಡಿ, ಕೆಲಸವಿಲ್ಲ, ರೋಗರುಜಿನ. ಶುಭಕಾರ್ಯ ಇಲ್ಲ. ಹೊಸ ಮದುಮಗಳು ತವರಿಗೆ ಹೋಗುತ್ತಾಳೆ. ಮಾರಿ ಕಳೆಯಲು ಆಟಿ ಕಳಂಜ ಮನೆ ಬಾಗಿಲಿಗೆ ಬರುತ್ತಾನೆ. ತಿನ್ನಲು ಹಿತ್ತಲಲ್ಲಿ ತಾನಾಗಿ ಬೆಳೆದದ್ದೇ ಗತಿ: ಕೆಸುವಿನ ಎಲೆಯ ಪತ್ರೊಡೆ, ಕಣಿಲೆ, ತಜಂಕ್ ಸೊಪ್ಪು, ಉಪ್ಪಿನಲ್ಲಿಟ್ಟ ಹಲಸಿನ ತೊಳೆ, ಬೇಸಿಗೆಯಲ್ಲಿ ಎತ್ತಿಟ್ಟ ಹಲಸಿನ ಬೀಜ.

ಇವತ್ತು ಅದೇ ಪಟ್ಟಿ ಥಾಣೆ, ನವಿ ಮುಂಬೈನ ಸಂಘಗಳಲ್ಲಿ ಮೂವತ್ತು ಬಗೆಯ ಊಟವಾಗಿ ಬಾಳೆ ಎಲೆ ತುಂಬುತ್ತದೆ. ಅಜ್ಜಿ ಹಸಿವಿಗೆ ತಿಂದದ್ದನ್ನು ಮೊಮ್ಮಗಳು ರುಚಿಗೆ ತಿನ್ನುತ್ತಾಳೆ. ಇದನ್ನು ಆಡಿಕೊಳ್ಳುವವರಿದ್ದಾರೆ. ಆದರೆ ಆಟಿ ಎಂದರೇನು ಎಂದು ಮಗುವಿಗೆ ಹೇಳಲು ಆ ಊಟಕ್ಕಿಂತ ಒಳ್ಳೆಯ ನೆಪ ನಗರದಲ್ಲಿ ಬೇರೆ ಯಾವುದಿದೆ?

ಇನ್ನೊಂದು ಅನುಕೂಲವೂ ಇಲ್ಲಿದೆ. ಪತ್ರೊಡೆಗೆ ಬೇಕಾದ ಕೆಸುವಿನ ಎಲೆಗಾಗಿ ಊರಿಗೆ ಫೋನ್ ಮಾಡಬೇಕಿಲ್ಲ. ಮರಾಠಿಗರ ಅಳೂ ವಡಿ, ಗುಜರಾತಿಗಳ ಪಾತ್ರಾಗೆ ಬೇಕಿರುವುದೂ ಅದೇ ಎಲೆ. ಮಳೆಗಾಲದಲ್ಲಿ ಕಳವಾ, ಥಾಣೆ ಮಾರುಕಟ್ಟೆಯಲ್ಲಿ ಕಟ್ಟುಕಟ್ಟಾಗಿ ಸಿಗುತ್ತದೆ. ಆಟಿ ಅಮಾವಾಸ್ಯೆಯೂ ಇಲ್ಲಿಯವರಿಗೆ ಅಪರಿಚಿತ ದಿನವಲ್ಲ. ಸಾಮಾನ್ಯವಾಗಿ ಅದೇ ಆಷಾಢ ಅಮಾವಾಸ್ಯೆ ಹಳೆ ಮೈಸೂರಿನವರಿಗೆ ಭೀಮನ ಅಮಾವಾಸ್ಯೆ, ಮಹಾರಾಷ್ಟ್ರದವರಿಗೆ ದೀಪ ಅಮಾವಾಸ್ಯೆ. ಶ್ರಾವಣದ ಉಪವಾಸಕ್ಕೆ ಮುಂಚೆ ಮಾಂಸ-ಮದ್ಯ ಮುಗಿಸುವವರ ಬಾಯಲ್ಲಿ ಅದೇ 'ಗಟಾರಿ'!

ಆದರೆ ಒಂದು ಎಚ್ಚರಿಕೆ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಕುಡಿಯುವ ಕಷಾಯಕ್ಕೆ ಬೇಕಾದದ್ದು ಪಾಲೆ ಮರದ, ಅಂದರೆ ಸಪ್ತಪರ್ಣಿಯ ತೊಗಟೆ. ಮರದ ಗುರುತು ತಪ್ಪಿ ಕಾಸರಕದ ತೊಗಟೆ ಬಳಸಿದರೆ ಅದು ವಿಷ. ಊರಿನಲ್ಲೇ ಇಂಥ ಅನಾಹುತಗಳು ವರದಿಯಾಗಿವೆ. ಮರದ ಪರಿಚಯ ಇಲ್ಲದವರು ನಗರದಲ್ಲಿ ತಾವೇ ತೊಗಟೆ ಕೆತ್ತುವ ಸಾಹಸಕ್ಕೆ ಹೋಗದಿರುವುದು ಒಳ್ಳೆಯದು.

ರೈಲು ಹತ್ತದ ಆಚರಣೆಗಳು

ಯಕ್ಷಗಾನ ಬರುತ್ತದೆ, ಆಟಿಯ ಊಟ ಬರುತ್ತದೆ. ಆದರೆ ಭೂತಕೋಲ? ಅಲ್ಲೊಂದು ಇಲ್ಲೊಂದು ದೈವಸ್ಥಾನಗಳು ಮುಂಬೈನಲ್ಲೂ ಇವೆಯಾದರೂ, ಕುಟುಂಬದ ದೈವದ ನೇಮ ಊರಿನಲ್ಲೇ ಆಗಬೇಕು ಎಂಬುದು ಹೆಚ್ಚಿನವರ ನಂಬಿಕೆ. ದೈವ ಆ ನೆಲಕ್ಕೆ, ಆ ತರವಾಡು ಮನೆಗೆ, ಆ ಗ್ರಾಮದ ಗಡಿಗೆ ಸೇರಿದ್ದು. ನಾಗನ ಕಲ್ಲು, ಬನ ಕೂಡ ಹಾಗೆಯೇ. 2022ರಲ್ಲಿ 'ಕಾಂತಾರ' ಸಿನಿಮಾ ಬಂದ ಮೇಲೆ ದೈವದ ವೇಷವನ್ನು ವೇದಿಕೆಗೆ ತರುವ ಚಾಳಿ ಎಲ್ಲೆಡೆ ಹೆಚ್ಚಿದಾಗ, ಅದಕ್ಕೆ ಗಟ್ಟಿಯಾಗಿ ಆಕ್ಷೇಪ ಎತ್ತಿದ್ದು ಕರಾವಳಿಯ ಜನರೇ. ಕಂಬಳ 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನ ತಲುಪಿತು. ದೈವ ಅಷ್ಟು ಸುಲಭಕ್ಕೆ ಹೊರಡುವುದಿಲ್ಲ.

ಹೀಗಾಗಿ ಬೇಸಿಗೆಯಲ್ಲಿ ಲೆಕ್ಕ ತಿರುಗುಮುರುಗು. ಮಳೆಗಾಲದಲ್ಲಿ ಊರು ಮುಂಬೈಗೆ ಬಂದರೆ, ಫೆಬ್ರವರಿಯಿಂದ ಮೇವರೆಗೆ ಮುಂಬೈ ಊರಿಗೆ ಹೋಗುತ್ತದೆ. ನೇಮ, ಬ್ರಹ್ಮಕಲಶೋತ್ಸವ, ಮದುವೆ ಎಲ್ಲವೂ ಆ ತಿಂಗಳುಗಳಲ್ಲೇ. ಏಪ್ರಿಲ್-ಮೇ ತಿಂಗಳಲ್ಲಿ ಥಾಣೆ, ಡೊಂಬಿವಲಿಯ ಸಂಘಗಳು ದೊಡ್ಡ ಕಾರ್ಯಕ್ರಮ ಇಟ್ಟುಕೊಳ್ಳಲು ಹಿಂಜರಿಯುವುದು ಇದಕ್ಕೇ. ಸಮಿತಿಯವರೇ ಊರಿನಲ್ಲಿರುತ್ತಾರೆ.

1998ಕ್ಕೆ ಮುಂಚೆ ಈ ಓಡಾಟ ಇಷ್ಟು ಸಲೀಸಾಗಿರಲಿಲ್ಲ. ರೈಲಿನಲ್ಲಿ ಮಂಗಳೂರಿಗೆ ಹೋಗಬೇಕೆಂದರೆ ಆಂಧ್ರ, ತಮಿಳುನಾಡು, ಕೇರಳ ಸುತ್ತಿ ಬರಬೇಕಿತ್ತು. ಇಲ್ಲವೇ ಇಡೀ ದಿನ ಬಸ್ಸು. ಆ ವರ್ಷದ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ತಿ ತೆರೆದುಕೊಂಡಿತು. ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಊರು ನೋಡುತ್ತಿದ್ದವರು ಮನೆಯ ನೇಮಕ್ಕೆ ಎರಡು ದಿನ ರಜೆ ಹಾಕಿ ಹೋಗಿ ಬರುವಂತಾಯಿತು. ಮೇಳದ ಕಲಾವಿದರು ಪೆಟ್ಟಿಗೆ ಸಮೇತ ಒಂದು ರಾತ್ರಿಯಲ್ಲಿ ಥಾಣೆಗೆ ಬಂದಿಳಿಯುವಂತಾಯಿತು. ಮಳೆಗಾಲದ ತಿರುಗಾಟ ಇಷ್ಟು ಬೆಳೆಯಲು ಕಲಾಭಿಮಾನಕ್ಕಿಂತ ಈ ಹಳಿಯ ಪಾತ್ರ ಕಡಿಮೆಯೇನಲ್ಲ.

ರಜೆ ಸಿಗುವ ಹಬ್ಬ, ಸಿಗದ ಹಬ್ಬ

ವಲಸೆ ಹೋದ ಯಾವುದೇ ಸಮುದಾಯಕ್ಕೆ ಹಬ್ಬದ ದಿನ ರಜೆ ಸಿಗುತ್ತದೆಯೇ ಎಂಬುದು ಸಣ್ಣ ಪ್ರಶ್ನೆಯಲ್ಲ. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಲ್ಲಿ ಚೀನಿಯರು, ಕೊರಿಯನ್ನರು ಆಚರಿಸುವ ಚಾಂದ್ರಮಾನ ಹೊಸ ವರ್ಷಕ್ಕೆ ರಜೆ ಘೋಷಣೆಯಾದದ್ದು 2015ರಲ್ಲಿ. ದೀಪಾವಳಿ ರಜೆಯ ಕಾನೂನಿಗೆ ಸಹಿ ಬಿದ್ದದ್ದು 2023ರಲ್ಲಿ, ಅದೂ ವರ್ಷಗಟ್ಟಲೆ ಒತ್ತಾಯದ ನಂತರ. ಅಮೆರಿಕದ ಕನ್ನಡ ಕೂಟಗಳು ಯುಗಾದಿಯನ್ನು ಹತ್ತಿರದ ಶನಿವಾರಕ್ಕೆ ತಳ್ಳುತ್ತವೆ. 2000ರಲ್ಲಿ ಹ್ಯೂಸ್ಟನ್‌ನಲ್ಲಿ ಶುರುವಾದ 'ಅಕ್ಕ' ವಿಶ್ವ ಕನ್ನಡ ಸಮ್ಮೇಳನ ಹಲವು ಬಾರಿ ಸೆಪ್ಟೆಂಬರ್ ಆರಂಭದ ಕಾರ್ಮಿಕ ದಿನದ ವಾರಾಂತ್ಯಕ್ಕೆ ಬರುವುದೂ ಮೂರು ದಿನ ಸಾಲು ರಜೆ ಸಿಗುತ್ತದೆ ಎಂದೇ.

ಥಾಣೆ ಕನ್ನಡಿಗರಿಗೆ ಈ ವಿಷಯದಲ್ಲಿ ಅದೃಷ್ಟ. ಯುಗಾದಿಯ ದಿನವೇ ಗುಡಿ ಪಾಡ್ವಾ. ಸಾಂಪ್ರದಾಯಿಕ ಉಡುಗೆಯಲ್ಲಿ ಹೊಸ ವರ್ಷದ ಶೋಭಾಯಾತ್ರೆ ಹೊರಡುವ ಪದ್ಧತಿ ಇಡೀ ಮಹಾರಾಷ್ಟ್ರಕ್ಕೆ ಹಬ್ಬಿದ್ದು ಡೊಂಬಿವಲಿಯಿಂದ. 1999ರಲ್ಲಿ ಅಲ್ಲಿನ ಗಣೇಶ ಮಂದಿರ ಸಂಸ್ಥಾನ ಅದನ್ನು ಆರಂಭಿಸಿತ್ತು. ಗಣೇಶ ಚೌತಿಯಂತೂ ಎರಡೂ ಕಡೆಯದ್ದು. ಸೌರಮಾನ ಹೊಸ ವರ್ಷವಾದ ಬಿಸು ಏಪ್ರಿಲ್ 14ಕ್ಕೆ ಬಿದ್ದರೆ ಅಂಬೇಡ್ಕರ್ ಜಯಂತಿಯ ರಜೆ ಇದ್ದೇ ಇದೆ. ತಾಳ ತಪ್ಪುವುದು ಕೃಷ್ಣಾಷ್ಟಮಿಯಲ್ಲಿ. ಉಡುಪಿಯದ್ದು ಸೌರಮಾನ ಲೆಕ್ಕ. 2025ರಲ್ಲಿ ಥಾಣೆಯಲ್ಲಿ ದಹಿ ಹಂಡಿ ಆಗಸ್ಟ್‌ನಲ್ಲೇ ಮುಗಿದರೆ, ಉಡುಪಿಯಲ್ಲಿ ವಿಟ್ಲಪಿಂಡಿ ನಡೆದದ್ದು ಸೆಪ್ಟೆಂಬರ್‌ನಲ್ಲಿ. ಇನ್ನು ನವೆಂಬರ್ 1ರ ರಾಜ್ಯೋತ್ಸವಕ್ಕೆ ಮಹಾರಾಷ್ಟ್ರದಲ್ಲಿ ರಜೆಯಿಲ್ಲ. ಅದು ನವೆಂಬರ್‌ನ ಯಾವುದಾದರೊಂದು ಭಾನುವಾರಕ್ಕೆ ಹೋಗುತ್ತದೆ.

ಹತ್ತು ವರ್ಷದ ನಂತರ ಪ್ರೇಕ್ಷಕರು ಯಾರು?

ದಿನಾಂಕದ ಲೆಕ್ಕ ಹೇಗಾದರೂ ಹೊಂದಿಸಬಹುದು. ಹೊಂದಿಸಲು ಕಷ್ಟವಾಗಿರುವುದು ಭಾಷೆ. ಥಾಣೆ ಪಟ್ಟಿಯ ಇಂದಿನ ಸಭಾಂಗಣಗಳಲ್ಲಿ ಮುಂದಿನ ಸಾಲುಗಳನ್ನು ತುಂಬುವುದು ಊರಿನಲ್ಲಿ ಹುಟ್ಟಿ ಇಲ್ಲಿಗೆ ಬಂದವರು. ಅವರು ಕನ್ನಡ ಓದಿದ್ದು ಊರಿನ ಶಾಲೆಯಲ್ಲಿ ಅಥವಾ ಮುಂಬೈನ ರಾತ್ರಿಶಾಲೆಯಲ್ಲಿ. ಮುಂಬೈ ಮಹಾನಗರ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸಿದ್ದು, ಅದರಲ್ಲಿ ಕನ್ನಡವೂ ಒಂದು. ಈಗ ಮಕ್ಕಳು ಬಹುತೇಕ ಇಂಗ್ಲಿಷ್ ಮಾಧ್ಯಮದಲ್ಲಿದ್ದಾರೆ. 2020ರ ಕಾಯ್ದೆಯಂತೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಗೆಳೆಯರೊಡನೆ ಹಿಂದಿ. ಮನೆಯಲ್ಲಿ ತುಳು ಅಥವಾ ಕುಂದಾಪುರ ಕನ್ನಡ. ಈ ಸಾಲಿನಲ್ಲಿ ಪುಸ್ತಕದ ಕನ್ನಡದ ಸರದಿ ಬರುವುದು ನಾಲ್ಕನೆಯದಾಗಿಯೋ ಐದನೆಯದಾಗಿಯೋ.

ಯಕ್ಷಗಾನಕ್ಕೆ ಇದು ನೇರ ಪೆಟ್ಟು. ಕುಣಿತ, ಬಣ್ಣ, ಚೆಂಡೆ ಯಾರಿಗಾದರೂ ರುಚಿಸುತ್ತದೆ. ಆದರೆ ಪದ್ಯ ಮತ್ತು ಅರ್ಥಗಾರಿಕೆಯ ಕನ್ನಡ ಗಟ್ಟಿ ಸಾಹಿತ್ಯಿಕ ಕನ್ನಡ. ಕರ್ಣನ ಮಾತಿಗೆ ಅಜ್ಜ ಕಣ್ಣೊರೆಸಿಕೊಳ್ಳುವಾಗ ಪಕ್ಕದಲ್ಲಿ ಕುಳಿತ ಮೊಮ್ಮಗ ಹಾಸ್ಯಗಾರನ ಪ್ರವೇಶಕ್ಕೆ ಕಾಯುತ್ತಿರುತ್ತಾನೆ. ತುಳು ಪ್ರಸಂಗ, ತುಳು ನಾಟಕಗಳಿಗೆ ಹೆಚ್ಚು ಜನ ಸೇರುವುದಕ್ಕೆ ಇದೂ ಒಂದು ಕಾರಣ. ತಾಳಮದ್ದಳೆಗಂತೂ ಮಾತೇ ಬಂಡವಾಳ. ಭಾಷೆ ಗೊತ್ತಿಲ್ಲದವರನ್ನು ಅಲ್ಲಿ ಕೂರಿಸುವುದು ಕಷ್ಟ.

ಇದಕ್ಕೆ ಉತ್ತರ ಹುಡುಕುವ ಪ್ರಯತ್ನಗಳೂ ಇವೆ. 'ಚಿಣ್ಣರ ಬಿಂಬ' ಸಂಸ್ಥೆ ಮುಂಬೈ, ಉಪನಗರಗಳ ಶಿಬಿರಗಳಲ್ಲಿ ಮಕ್ಕಳಿಗೆ ಭಜನೆ, ಶ್ಲೋಕ, ನಾಟಕದ ಜೊತೆಗೇ ಕನ್ನಡ ಓದು-ಬರಹ ಕಲಿಸುತ್ತಿದೆ. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ಹೆಸರಿನ ಶಾಲೆ-ಕಾಲೇಜನ್ನೇ ನಡೆಸುತ್ತಿದೆ. ಕಲಿನಾದಲ್ಲಿ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗ 1978ರಿಂದ ಇದೆ. ಹಲವು ಸಂಘಗಳು ಮಕ್ಕಳಿಗೆ ಯಕ್ಷಗಾನದ ಹೆಜ್ಜೆ ಕಲಿಸುವ ತರಗತಿ ನಡೆಸುತ್ತವೆ. ಕನ್ನಡ ಓದಲು ಬಾರದ ಮಕ್ಕಳು ಮಾತುಗಳನ್ನು ದೇವನಾಗರಿಯಲ್ಲೋ ಇಂಗ್ಲಿಷ್ ಅಕ್ಷರದಲ್ಲೋ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಅದನ್ನು ಕಂಡು ಮೂಗು ಮುರಿಯುವ ಹಿರಿಯರಿಗೆ ಒಂದು ಮಾತು ಹೇಳಬಹುದು. ಯಕ್ಷಗಾನದ ಎಷ್ಟೋ ಹಳೆಯ ದೊಡ್ಡ ಕಲಾವಿದರ ಶಾಲಾ ಓದು ಕೆಲವೇ ತರಗತಿಗಳದ್ದು. ಅವರು ಭಾಷೆ ಕಲಿತದ್ದು ರಂಗಸ್ಥಳದಲ್ಲಿ, ಕಿವಿಯ ಮೂಲಕ. ವ್ಯತ್ಯಾಸ ಇಷ್ಟೇ: ಅವರ ಸುತ್ತ ದಿನವಿಡೀ ಕನ್ನಡ, ತುಳು ಇತ್ತು. ಈ ಮಕ್ಕಳಿಗೆ ಅದು ಭಾನುವಾರ ಮಾತ್ರ.

ಕಾರ್ಯಕ್ರಮಕ್ಕೆ ಹೊರಡುವ ಮುನ್ನ

ಸೆಂಟ್ರಲ್ ರೈಲ್ವೆಯ ಭಾನುವಾರದ ಮೆಗಾ ಬ್ಲಾಕ್ ಸಾಮಾನ್ಯವಾಗಿ ಬೆಳಗ್ಗೆ 11ರ ಆಸುಪಾಸಿನಿಂದ ಮಧ್ಯಾಹ್ನ 4ರ ಆಸುಪಾಸಿನವರೆಗೆ ಇರುತ್ತದೆ. ಯಾವ ನಿಲ್ದಾಣಗಳ ನಡುವೆ ಎಂಬುದನ್ನು ರೈಲ್ವೆ ಮೊದಲೇ ಪ್ರಕಟಿಸುತ್ತದೆ. ಮಧ್ಯಾಹ್ನ 2ಕ್ಕೆ ಶುರುವಾಗುವ ಆಟಕ್ಕೆ ಡೊಂಬಿವಲಿ, ಕಲ್ಯಾಣ್‌ನಿಂದ ಬರುವವರು ಇದನ್ನು ನೋಡಿಕೊಂಡೇ ಹೊರಡಬೇಕು. ಕಳವಾದಲ್ಲಿ ಬಹುತೇಕ ಫಾಸ್ಟ್ ಲೋಕಲ್‌ಗಳು ನಿಲ್ಲುವುದಿಲ್ಲ ಎಂಬುದೂ ನೆನಪಿರಲಿ. ಸ್ಲೋ ಗಾಡಿ ಹಿಡಿಯಬೇಕು, ಇಲ್ಲವೇ ಥಾಣೆಯಲ್ಲಿ ಇಳಿದು ಸೇತುವೆ ದಾಟಿ ಬರಬೇಕು.

ಕಳವಾದಿಂದ ವಾಶಿ, ನೆರುಲ್ ಕಡೆಯ ಕಾರ್ಯಕ್ರಮಕ್ಕೆ ಹೋಗುವವರಿಗೆ ಇನ್ನೂ ಒಂದು ಸುತ್ತು. ಒಂದು ನಿಲ್ದಾಣ ಹಿಂದಕ್ಕೆ ಥಾಣೆಗೆ ಹೋಗಿ, ಅಲ್ಲಿ ಟ್ರಾನ್ಸ್ ಹಾರ್ಬರ್ ಗಾಡಿ ಹತ್ತಬೇಕು. ಈ ಸುತ್ತು ತಪ್ಪಿಸಲೆಂದೇ ಕಳವಾ-ಐರೋಲಿ ಎತ್ತರಿಸಿದ ಮಾರ್ಗದ ಯೋಜನೆ ರೂಪುಗೊಂಡಿದೆ. ಅದರ ಭಾಗವಾದ ದಿಘಾ ಗಾಂವ್ ನಿಲ್ದಾಣ 2024ರ ಜನವರಿಯಲ್ಲಿ ತೆರೆದಿದೆ. ಕಳವಾಕ್ಕೆ ಕೊಂಡಿ ಬೆಸೆಯುವವರೆಗೂ ವಾಶಿಯ ಆಟಕ್ಕೆ ಹೋಗುವ ಕಳವಾದವರು ಮನೆಯಿಂದ ಅರ್ಧ ಗಂಟೆ ಮುಂಚೆ ಹೊರಡುವುದೇ ಕ್ಷೇಮ.